ಅಟೆನ್‌ಬರೋ ಎಂಬ ಹೆಸರು ಉಳಿದದ್ದು ಹೇಗೆ?

ಅಟೆನ್‌ಬರೋ ಅಂದ ತಕ್ಷಣ ನಮಗೆ ನೆನಪಾಗುವುದು ಟಿವಿಯಲ್ಲಿ ಗೊರಿಲ್ಲಾಗಳ ನಡುವೆ ಕೂತು ಪಿಸುದನಿಯಲ್ಲಿ ಮಾತಾಡಿದ ಡೇವಿಡ್. ಸ್ವಲ್ಪ ಹಿರಿಯರಿಗಾದರೆ 1982ರ ‘ಗಾಂಧಿ’ ಚಿತ್ರ ಮಾಡಿದ ಅವರ ಅಣ್ಣ ರಿಚರ್ಡ್. ಇಬ್ಬರೂ ಇಷ್ಟು ಹೆಸರು ಮಾಡಿದ್ದರಿಂದ ಇಂಗ್ಲೆಂಡಿನಲ್ಲಿ ಬೀದಿಗೊಬ್ಬ ಅಟೆನ್‌ಬರೋ ಇರಬಹುದು ಅನ್ನಿಸುತ್ತದೆ. ಹಾಗೇನಿಲ್ಲ. ಅದು ಅಲ್ಲಿಯ ಅಪರೂಪದ ಅಡ್ಡಹೆಸರುಗಳಲ್ಲಿ ಒಂದು. ಇರುವವರ ಮೂಲ ಹುಡುಕುತ್ತಾ ಹೋದರೆ ಹೆಚ್ಚಿನವರು ನಾಟಿಂಗ್‌ಹ್ಯಾಮ್‌ಶೈರ್, ಪಕ್ಕದ ಡರ್ಬಿಶೈರ್, ಇಷ್ಟರಲ್ಲೇ ಸಿಕ್ಕಿಬಿಡುತ್ತಾರೆ.

ಕಾರಣ ಸರಳ. ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ಪಕ್ಕದಲ್ಲಿ ಅಟೆನ್‌ಬರೋ ಎಂಬ ಊರೇ ಇದೆ. ಅಲ್ಲಿ ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು, ಹಕ್ಕಿಗಳು ಬಂದವು, ಈಗ ಅದೊಂದು ಸಂರಕ್ಷಿತ ತಾಣ. 1966ರಲ್ಲಿ ಅದನ್ನು ಉದ್ಘಾಟಿಸಿದ್ದು ಡೇವಿಡ್ ಅಟೆನ್‌ಬರೋ. ಆದರೆ ಆ ಊರಲ್ಲಿ ಹುಟ್ಟಿದ ಅತಿ ಪ್ರಸಿದ್ಧ ವ್ಯಕ್ತಿ ಯಾರು ಅಂದರೆ ಹೆನ್ರಿ ಐರ್ಟನ್. ದೊರೆಯ ವಿರುದ್ಧ ಸಂಸತ್ತಿನ ಪಡೆ ನಡೆಸಿದ ಕ್ರಾಮ್‌ವೆಲ್‌ನ ಅಳಿಯ. ದೊರೆ ಒಂದನೇ ಚಾರ್ಲ್ಸ್‌ನ ಮರಣಶಾಸನಕ್ಕೆ ಸಹಿ ಹಾಕಿದವರಲ್ಲಿ ಒಬ್ಬ.

ಅಟೆನ್‌ಬರೋದಲ್ಲಿ ಹುಟ್ಟಿದವನ ಹೆಸರು ಅಟೆನ್‌ಬರೋ ಅಲ್ಲ ಅನ್ನುವುದು ತಮಾಷೆಯಾಗಿ ಕಾಣಬಹುದು, ಆದರೆ ಇರಬೇಕಾದ್ದೇ ಹಾಗೆ. ಊರಿನೊಳಗೆ ಎಲ್ಲರೂ ಆ ಊರಿನವರೇ. ಅಲ್ಲಿ ಒಬ್ಬನನ್ನು ಊರಿನ ಹೆಸರಿಂದ ಕರೆದರೆ ಯಾರನ್ನು ಕರೆದ ಹಾಗಾಯ್ತು? ಊರಿನ ಹೆಸರು ಅಂಟುವುದು ಊರು ಬಿಟ್ಟವನಿಗೆ. ವಿಶ್ವೇಶ್ವರಯ್ಯನವರ ಹೆಸರಿನ ಮುಂದಿನ ‘ಎಂ’ ನೋಡಿ. ಅದು ಮೋಕ್ಷಗುಂಡಂ, ಈಗಿನ ಆಂಧ್ರದಲ್ಲಿರುವ ಊರು. ಅವರು ಹುಟ್ಟಿದ್ದು ನಮ್ಮ ಮುದ್ದೇನಹಳ್ಳಿಯಲ್ಲಿ. ಹಿರಿಯರು ಬಿಟ್ಟುಬಂದ ಊರು ಹೆಸರಿನಲ್ಲಿ ಉಳಿಯಿತು. ಅಟೆನ್‌ಬರೋ ಕಥೆಯೂ ಅದೇ. ಊರು ಬಿಟ್ಟವರು ಜಾಸ್ತಿ ದೂರ ಹೋದಂತಿಲ್ಲ ಅಷ್ಟೇ. ಡೇವಿಡ್ ಅವರ ತಂದೆ ಫ್ರೆಡರಿಕ್ 1887ರಲ್ಲಿ ಹುಟ್ಟಿದ ಸ್ಟೇಪಲ್‌ಫರ್ಡ್, ಅಟೆನ್‌ಬರೋ ಊರಿನ ನೆರೆಯಲ್ಲೇ ಇದೆ.

ಇಂಗ್ಲೆಂಡಿನಲ್ಲಿ ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯುವ ರೂಢಿ 1066ರಲ್ಲಿ ನಾರ್ಮನ್ನರು ಬಂದ ಮೇಲೆ ಮೇಲ್ವರ್ಗದಲ್ಲಿ ಶುರುವಾಯಿತು. ಜನಸಾಮಾನ್ಯರಲ್ಲಿ ಅದು ಗಟ್ಟಿಯಾಗಲು 1400ರವರೆಗೆ ಹಿಡಿಯಿತು. ನಡುವೆ 1348-49ರ ಪ್ಲೇಗು ಬಂದು ಮೂರರಲ್ಲೊಂದು ಪಾಲು, ಕೆಲವರ ಲೆಕ್ಕದಲ್ಲಿ ಅರ್ಧದಷ್ಟು ಜನರನ್ನು ಒಯ್ದಿತು. ಆಗಷ್ಟೇ ಬೇರು ಬಿಡುತ್ತಿದ್ದ ಎಷ್ಟೋ ಹೆಸರುಗಳು ಅಲ್ಲೇ ಮುಗಿದವು. 1538ರಿಂದ ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡಬೇಕೆಂದು ಆಜ್ಞೆಯಾಯಿತು. ಹೆಸರು ಹಿಡಿದು ಹಿಂದಕ್ಕೆ ನಡೆಯಲು ಈಗ ಸಿಗುವ ದಾರಿ ಹೆಚ್ಚುಕಡಿಮೆ ಅಲ್ಲಿಂದಲೇ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅಪರೂಪದ ಅಡ್ಡಹೆಸರು ಅಂದರೆ ಏನೋ ದೊಡ್ಡ ಮನೆತನ, ರಕ್ತದಲ್ಲೇ ಏನೋ ವಿಶೇಷ ಅಂತ ಜನ ನಂಬುತ್ತಾರೆ. ಇಂಗ್ಲೆಂಡಿನಲ್ಲಿ ಇದರ ಮೇಲೆ ವ್ಯಾಪಾರವೇ ನಡೆಯುತ್ತದೆ. ನಿಮ್ಮ ಅಡ್ಡಹೆಸರು ಹೇಳಿದರೆ ಸಾಕು, ಸಿಂಹ, ಗುರಾಣಿ ಬಿಡಿಸಿದ ‘ನಿಮ್ಮ ಮನೆತನದ ಲಾಂಛನ’ವನ್ನು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ಅಲ್ಲಿಯ ಕಾನೂನಿನಲ್ಲಿ ಲಾಂಛನ ಅನ್ನುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಸ್ಥರಿಗೆ ಸೇರಿದ್ದು, ಅಡ್ಡಹೆಸರಿಗಲ್ಲ. ಮಗ್ಗು ಮಾತ್ರ ಚೆನ್ನಾಗಿ ಬಿಕರಿಯಾಗುತ್ತದೆ.

ಹೆಸರು ಅಪರೂಪವಾಗುವುದಕ್ಕೆ ನಿಜವಾದ ಕಾರಣ ಬರೀ ಅದೃಷ್ಟ. ಇದನ್ನು ಲೆಕ್ಕಕ್ಕೆ ತಂದ ಕಥೆ ಬಲು ಸೊಗಸಾಗಿದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1583ರಿಂದ 1654ರವರೆಗೆ 487 ಕುಟುಂಬಗಳಿಗೆ ಪೌರತ್ವ ಕೊಟ್ಟಿದ್ದರು. 1783ರ ಹೊತ್ತಿಗೆ ಉಳಿದಿದ್ದು 108. ಮಿಕ್ಕ 379 ಹೆಸರು ಮಾಯ. ಜನಸಂಖ್ಯೆಯ ಬಗ್ಗೆ ಬರೆದು ಹೆಸರಾದ ಇಂಗ್ಲೆಂಡಿನ ಮಾಲ್ಥಸ್ ಇದನ್ನು ಬರೆದಿಟ್ಟಿದ್ದ. ಗಣ್ಯ ಮನೆತನಗಳು ಹೀಗೆ ಅಳಿಯುತ್ತಿರುವುದಕ್ಕೆ ಸುಖದ ಬದುಕೇ ಕಾರಣ, ಬುದ್ಧಿವಂತರಿಗೆ ಮಕ್ಕಳು ಕಡಿಮೆ ಅಂತೆಲ್ಲ ಆಗ ಮಾತಿತ್ತು. ಡಾರ್ವಿನ್ನನ ಸೋದರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್‌ಗೆ ಈ ಮಾತಿನ ಬಗ್ಗೆ ಒಂದು ಸಂಶಯ ಬಂತು. ಸುಮ್ನೆ ಆಕಸ್ಮಿಕದಿಂದಲೇ ಎಷ್ಟು ಹೆಸರು ಅಳಿಯಬಹುದು ಅಂತ ಮೊದಲು ಲೆಕ್ಕ ಹಾಕಬೇಡವೇ? 1873ರಲ್ಲಿ ಅವನು ಈ ಪ್ರಶ್ನೆಯನ್ನು ಒಂದು ಪತ್ರಿಕೆಯಲ್ಲಿ ಗಣಿತ ಸಮಸ್ಯೆಯಾಗಿ ಹಾಕಿದ. ಬಿಡಿಸಲು ಮುಂದೆ ಬಂದವರು ಹೆನ್ರಿ ವ್ಯಾಟ್ಸನ್ ಎಂಬ ಪಾದ್ರಿ.

ಲೆಕ್ಕ ಮಾಡಿಯೇ ನೋಡೋಣ. ಬೇರೆ ಬೇರೆ ಅಡ್ಡಹೆಸರಿನ 1,000 ಗಂಡಸರು ಅಂದುಕೊಳ್ಳಿ. ಸರಾಸರಿ ಒಬ್ಬನಿಗೆ ಒಬ್ಬ ಗಂಡುಮಗ. ಸರಾಸರಿ ಒಂದು ಅಂದರೆ ಎಲ್ಲರಿಗೂ ಒಂದಲ್ಲ ತಾನೇ. ಕೆಲವರಿಗೆ ಮೂವರು, ಕೆಲವರಿಗೆ ಇಬ್ಬರು, ಹಲವರಿಗೆ ಬರೀ ಹೆಣ್ಣುಮಕ್ಕಳು ಅಥವಾ ಮಕ್ಕಳೇ ಇಲ್ಲ. ಪೂರ್ತಿ ಆಕಸ್ಮಿಕಕ್ಕೆ ಬಿಟ್ಟರೆ ಮೊದಲ ತಲೆಮಾರಿನಲ್ಲೇ ಸುಮಾರು 368 ಹೆಸರು ಹೋಗುತ್ತವೆ. ಎರಡನೆಯದರ ಕೊನೆಗೆ ಉಳಿಯುವುದು 470ರ ಆಸುಪಾಸು. ಹತ್ತು ತಲೆಮಾರಿಗೆ ಸುಮಾರು 160. ಇಪ್ಪತ್ತಕ್ಕೆ 90ಕ್ಕೂ ಸ್ವಲ್ಪ ಕಡಿಮೆ. ಗಮನಿಸಿ, ಗಂಡಸರ ಒಟ್ಟು ಸಂಖ್ಯೆ ಸರಿಸುಮಾರು 1,000 ಇದ್ದ ಹಾಗೇ ಇದೆ. ಯಾರಿಗೂ ರೋಗ ಬಂದಿಲ್ಲ, ಯಾರೂ ಬಡವಾಗಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಹೆಸರು ಕಾಣೆ. ಉಳಿದ ಒಂದೊಂದು ಹೆಸರಿಗೂ ಸರಾಸರಿ 11 ಗಂಡಸರು. ಇವರು ಕೂತು ನಮ್ಮ ವಂಶಕ್ಕೆ ಏನೋ ಶಕ್ತಿ ಇದೆ ಅಂದುಕೊಂಡರೆ ಬೇಡ ಅನ್ನುವವರು ಯಾರು? ಸೋತವರ ಕಡೆಯಿಂದ ಮಾತಾಡಲು ಅಲ್ಲಿ ಯಾರೂ ಉಳಿದಿಲ್ಲ.

ಜನಸಂಖ್ಯೆ ಬೆಳೆಯುತ್ತಿದ್ದರೆ? ಆಗಲೂ ಅಳಿವು ತಪ್ಪದು. ಪ್ರತಿ ತಲೆಮಾರಿಗೆ ಶೇ 10ರಷ್ಟು ಬೆಳವಣಿಗೆ ಇದ್ದರೂ ಇದೇ ಲೆಕ್ಕದಲ್ಲಿ ಕಡೆಗೆ 100ಕ್ಕೆ 82 ಹೆಸರು ಅಳಿದೇ ಅಳಿಯುತ್ತವೆ. ವ್ಯಾಟ್ಸನ್ ಇಲ್ಲೇ ಎಡವಿದರು. ಅವರ ಸಮೀಕರಣಕ್ಕೆ ಎರಡು ಉತ್ತರಗಳಿದ್ದವು. ಅವರು ಒಂದನ್ನು ಮಾತ್ರ ನೋಡಿ, ಬೆಳವಣಿಗೆ ಇರಲಿ ಬಿಡಲಿ, ಎಲ್ಲ ಹೆಸರೂ ಒಂದು ದಿನ ಅಳಿಯುತ್ತವೆ ಅಂತ 1874ರಲ್ಲಿ ಬರೆದರು. ವಿಚಿತ್ರ ಅಂದರೆ ಸರಿಯಾದ ಉತ್ತರವನ್ನು ಫ್ರಾನ್ಸಿನ ಗಣಿತಜ್ಞ ಬಿಯೆನೆಮೆ 1845ರಲ್ಲೇ ಕಂಡಿದ್ದ, ಯಾರೂ ಗಮನಿಸಿರಲಿಲ್ಲ. ಪಾದ್ರಿಯ ತಪ್ಪು ತಿದ್ದಿ ಪೂರ್ತಿ ಸರಿಯಾಗಲು 1930 ಬರಬೇಕಾಯಿತು. ಪರಮಾಣು ಬಾಂಬಿನ ಸರಪಣಿ ಕ್ರಿಯೆಗೂ ಸಾಂಕ್ರಾಮಿಕ ರೋಗ ಹಬ್ಬುವುದಕ್ಕೂ ಇದೇ ಗಣಿತ. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಸೋಂಕು ಅಂತ ಕೋವಿಡ್ ದಿನಗಳಲ್ಲಿ ನಾವೆಲ್ಲ ಲೆಕ್ಕ ಕೇಳುತ್ತಿದ್ದೆವಲ್ಲ, ಅಲ್ಲಿ ರೋಗಿಯ ಜಾಗದಲ್ಲಿ ಅಪ್ಪನನ್ನು ಇಟ್ಟರೆ ಗಾಲ್ಟನ್‌ನ ಪ್ರಶ್ನೆ ಸಿಗುತ್ತದೆ.

ಈ ಲೆಕ್ಕವೆಲ್ಲ ಕಾಗದದ ಮೇಲಿನದ್ದು. ನಿಜದ ಗಂಡಸರಲ್ಲಿ ಇದನ್ನು ನೋಡುವ ದಾರಿ ಸಿಕ್ಕಿದ್ದು ವೈ ಕ್ರೋಮೋಸೋಮ್‌ನಿಂದ, ಅಂದರೆ ಗಂಡಸರಲ್ಲಿ ಮಾತ್ರ ಇರುವ ಡಿಎನ್‌ಎ ಎಳೆಯಿಂದ. ಅಡ್ಡಹೆಸರು ಹೇಗೆ ಅಪ್ಪನಿಂದ ಮಗನಿಗೋ ಅದೂ ಹಾಗೇ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳ 1,678 ಗಂಡಸರ ವೈ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಆ ಪಟ್ಟಿಯಲ್ಲಿ ಅಟೆನ್‌ಬರೋ ಇತ್ತು. ಕಾಕತಾಳೀಯ ನೋಡಿ, ಡೇವಿಡ್ ಅವರ ತಂದೆ 1932ರಿಂದ 1951ರವರೆಗೆ ಪ್ರಿನ್ಸಿಪಾಲ್ ಆಗಿದ್ದದ್ದು ಇದೇ ಸಂಸ್ಥೆಗೆ, ಆಗ ಅದು ಇನ್ನೂ ಕಾಲೇಜು. ಮಕ್ಕಳು ಬೆಳೆದದ್ದು ಅದರ ಆವರಣದಲ್ಲಿ. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ಕಂಡುಹಿಡಿದದ್ದೂ ಅಲ್ಲೇ.

ವೈ ಮೇಲೆ ಅವರು ನೋಡಿದ್ದೇನು? ಅದರ ಕೆಲವು ಜಾಗಗಳಲ್ಲಿ ಡಿಎನ್‌ಎಯ ನಾಲ್ಕು ಅಕ್ಷರದ ಒಂದು ತುಣುಕು, ಜಿ-ಎ-ಟಿ-ಎ ಅಂತಿಟ್ಟುಕೊಳ್ಳಿ, ಒಂದರ ಹಿಂದೆ ಒಂದು ಮತ್ತೆ ಮತ್ತೆ ಬಂದಿರುತ್ತದೆ. ಒಬ್ಬನಲ್ಲಿ 12 ಸಲ, ಇನ್ನೊಬ್ಬನಲ್ಲಿ 14 ಸಲ. ಇಂಥ 17 ಜಾಗಗಳಲ್ಲಿ ಎಣಿಸಿದರೆ 17 ಅಂಕಿಗಳ ಒಂದು ಸಾಲು ಸಿಗುತ್ತದೆ. ಅಪ್ಪನಿಂದ ಮಗನಿಗೆ ನಕಲಾಗುವಾಗ ಒಂದೊಂದು ಜಾಗದಲ್ಲಿ ಅಂಕಿ ತಪ್ಪುವ ಸಾಧ್ಯತೆ ಸುಮಾರು 500ಕ್ಕೆ ಒಂದು. ಇಪ್ಪತ್ತು ತಲೆಮಾರಿನ ಹಿಂದೆ ಒಬ್ಬನೇ ಮೂಲಪುರುಷ ಇದ್ದ ಇಬ್ಬರ ನಡುವೆ ಒಟ್ಟು 40 ನಕಲು, 17 ಜಾಗ. ಗುಣಿಸಿ ನೋಡಿದರೆ ವ್ಯತ್ಯಾಸ ಸರಾಸರಿ ಒಂದೂವರೆಗಿಂತ ಕಡಿಮೆ. ಅಂದರೆ 600 ವರ್ಷ ಕಳೆದ ಮೇಲೂ ಇಬ್ಬರ ಸಾಲು ಬಹುತೇಕ ಒಂದೇ ಇರಬೇಕು.

ಸ್ಮಿತ್‌ಗಳ ಸಾಲುಗಳನ್ನು ಇಟ್ಟರೆ ಇಂಗ್ಲೆಂಡಿನ ಬೀದಿಯಲ್ಲಿ ಹೋಗುವ ಯಾರನ್ನೋ ಕರೆತಂದು ಪರೀಕ್ಷಿಸಿದ ಹಾಗೆ ಕಾಣುತ್ತಿತ್ತು. ಸ್ಮಿತ್ ಅಂದರೆ ಕಮ್ಮಾರ. ಊರೂರಿಗೂ ಕಮ್ಮಾರನಿದ್ದ, ಎಲ್ಲರೂ ಸ್ಮಿತ್ ಆದರು, ಅಷ್ಟೇ. ಅಟೆನ್‌ಬರೋಗಳಲ್ಲಿ ಶೇ 70ಕ್ಕಿಂತ ಹೆಚ್ಚು ಜನರ ಸಾಲು ಒಂದೇ, ಇಲ್ಲವೇ ಬಹುತೇಕ ಒಂದೇ. ಹೆಸರು ಅಪರೂಪವಾದಷ್ಟೂ ರಕ್ತಸಂಬಂಧ ಗಟ್ಟಿ.

ಹಾಗಾದರೆ ಅಟೆನ್‌ಬರೋ ಬಿಟ್ಟು ಹೋದವನು ಒಬ್ಬನೇನಾ? ಇಲ್ಲೇ ಗಾಲ್ಟನ್‌ನ ಲೆಕ್ಕ ಮತ್ತೆ ಬೇಕಾಗುತ್ತದೆ. ಊರು ಬಿಟ್ಟವರು ಹತ್ತು ಜನ ಇರಬಹುದು, ಹತ್ತೂ ಜನಕ್ಕೆ ಅದೇ ಹೆಸರು ಅಂಟಿರಬಹುದು. ಇಪ್ಪತ್ತು ತಲೆಮಾರಲ್ಲಿ ಒಂಬತ್ತು ಸಾಲು ನಿಂತುಹೋಗುವುದು ಲೆಕ್ಕದ ಪ್ರಕಾರ ಮಾಮೂಲು ಸಂಗತಿ. ಒಬ್ಬ ಉಳಿದ, ಅವನೇ ‘ಮೂಲಪುರುಷ’ ಆದ. ಮೂಲಪುರುಷ ಅನ್ನುವ ಪಟ್ಟ ಅವನು ಗಳಿಸಿದ್ದಲ್ಲ, ಮಿಕ್ಕವರ ಸಾಲು ನಿಂತುಹೋದದ್ದರಿಂದ ಬಂದದ್ದು.

ಇನ್ನೊಂದು ದಂತಕಥೆಗೂ ಈ ಸಂಶೋಧನೆ ಪೆಟ್ಟು ಕೊಟ್ಟಿತು. ಹತ್ತು ಮಕ್ಕಳಲ್ಲಿ ಒಬ್ಬನ ಅಪ್ಪ ಬೇರೆ ಯಾರೋ ಇರುತ್ತಾನೆ ಅಂತ ಒಂದು ಚಪಲದ ಅಂಕಿ ಪ್ರಪಂಚವೆಲ್ಲ ಓಡಾಡುತ್ತದೆ. ಅದು ನಿಜವಾಗಿದ್ದರೆ ಇಪ್ಪತ್ತು ತಲೆಮಾರಿನ ನಂತರ ಹೆಸರು ಮತ್ತು ವೈ ಎರಡೂ ಜೊತೆಗಿರುವವರು ಸುಮಾರು ಶೇ 12 ಮಾತ್ರ ಇರಬೇಕಿತ್ತು. ತಲೆಮಾರಿಗೆ ಶೇ 1 ಇಟ್ಟರೆ ಶೇ 82, ಶೇ 2 ಇಟ್ಟರೆ ಶೇ 67. ಅಟೆನ್‌ಬರೋಗಳ ಫಲಿತಾಂಶ ಈ ಕೊನೆಯ ಎರಡರ ಹತ್ತಿರಕ್ಕೇ ಬರುತ್ತದೆ. ಬೆಲ್ಜಿಯಂನಲ್ಲಿ ನಡೆದ ಅಧ್ಯಯನಗಳಲ್ಲೂ ಸಿಕ್ಕಿದ್ದು ಶೇ 1ರ ಸುತ್ತಮುತ್ತ. ಅಟೆನ್‌ಬರೋಗಳ ಲೆಕ್ಕದಲ್ಲಂತೂ ದತ್ತು, ಆಸ್ತಿಗಾಗಿ ಹೆಂಡತಿಯ ಮನೆಯ ಹೆಸರು ಹಿಡಿದದ್ದು, ಅಮ್ಮನ ಹೆಸರಿಟ್ಟದ್ದು ಎಲ್ಲ ಸೇರಿವೆ.

ಇದನ್ನೆಲ್ಲ ಓದುವಾಗ ನಮ್ಮ ಕಡೆಯ ವಾಟ್ಸಾಪ್ ಸಂದೇಶ ನೆನಪಾಗದೆ ಇರುವುದಿಲ್ಲ. ಗೋತ್ರ ಅಂದರೆ ವೈ ಕ್ರೋಮೋಸೋಮ್, ಋಷಿಗಳಿಗೆ ಇದು ಆಗಲೇ ಗೊತ್ತಿತ್ತು ಅಂತ ವರ್ಷಕ್ಕೊಮ್ಮೆಯಾದರೂ ಬರುತ್ತದಲ್ಲ, ಅದು. ದತ್ತು ಬಂದ ಮಗನಿಗೆ ದತ್ತು ತೆಗೆದುಕೊಂಡವನ ಗೋತ್ರ ಬರುತ್ತದೆ. ಅವನ ವೈ ಬದಲಾಗುತ್ತದೆಯೇ? ಆರೇಳುನೂರು ವರ್ಷದಲ್ಲೇ, ಅದೂ ಅತಿ ಅಪರೂಪದ ಹೆಸರಿನಲ್ಲೇ, ಹೆಸರು ಮತ್ತು ವೈ ಎಲ್ಲರಲ್ಲೂ ಜೊತೆಗೆ ಉಳಿಯಲಿಲ್ಲ. ಸಾವಿರಾರು ವರ್ಷಕ್ಕೆ ಉಳಿದಿದೆ ಅನ್ನುವವರು ಮೊದಲು ಅಂಕಿಯ ಸಾಲು ತೋರಿಸಲಿ.

ರಕ್ತಶುದ್ಧಿಯ ಮಾತಾಡುವವರಿಗೆ ಲೆಸ್ಟರ್ ತಂಡದ ಇನ್ನೊಂದು ಶೋಧವೂ ಇದೆ. ಯಾರ್ಕ್‌ಶೈರಿನ ಒಂದು ಅಪರೂಪದ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ 18 ಜನರಲ್ಲಿ ಏಳು ಜನಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಸಿಗುವ, ಯುರೋಪಿನಲ್ಲಿ ಕಾಣದ ಎ1 ಎಂಬ ಬಗೆಯ ವೈ ಇತ್ತು. ಇದು ಪ್ರಕಟವಾದದ್ದು 2007ರಲ್ಲಿ. ಎಲ್ಲರೂ ನೋಡಲು ಅಪ್ಪಟ ಬಿಳಿಯ ಇಂಗ್ಲಿಷರು, ಆಫ್ರಿಕಾ ನಂಟಿನ ಸುಳಿವೇ ಇಲ್ಲದವರು. ಅವರ ವಂಶವೃಕ್ಷಗಳು 1780ರ ದಶಕದ ಯಾರ್ಕ್‌ಶೈರಿನವರೆಗೆ ಹೋಗಿ ನಿಲ್ಲುತ್ತವೆ. ಆ ಆಫ್ರಿಕನ್ ಹಿರಿಯ ಗುಲಾಮರ ವ್ಯಾಪಾರದ ಕಾಲದಲ್ಲಿ ಬಂದಿರಬಹುದು. ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆ ಕಾಯಲು ರೋಮನ್ನರು ಮೂರನೇ ಶತಮಾನದಲ್ಲಿ ಕರೆತಂದ ಆಫ್ರಿಕಾ ಮೂಲದ ಸೈನಿಕರಲ್ಲಿ ಒಬ್ಬನೂ ಇರಬಹುದು. ಅವನ ಉಳಿದ ಡಿಎನ್‌ಎ ತಲೆಮಾರಿಗೆ ಅರ್ಧರ್ಧ ತೆಳುವಾಗುತ್ತಾ ಕರಗಿಹೋಯಿತು. ವೈ ಒಂದು ಹಾಗೇ ಉಳಿದು ಬಂತು. ಇಪ್ಪತ್ತು ತಲೆಮಾರಿನ ಹಿಂದೆ ನಮ್ಮ ವಂಶವೃಕ್ಷದಲ್ಲಿ 10,48,576 ಜಾಗಗಳಿವೆ. ವೈ ಮತ್ತು ಅಡ್ಡಹೆಸರು ಅದರಲ್ಲಿ ಒಂದೇ ಒಂದು ಜಾಗದ ಕಥೆ ಹೇಳುತ್ತವೆ.

ಅದೇ ಟೂರಿ ಕಿಂಗ್ ಕೈಗೆ 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕ್ ಅಗೆದಾಗ ಸಿಕ್ಕ ಅಸ್ಥಿಪಂಜರ ಬಂತು. ಅದು 1485ರಲ್ಲಿ ಯುದ್ಧದಲ್ಲಿ ಸತ್ತ ದೊರೆ ಮೂರನೇ ರಿಚರ್ಡ್ ಇರಬೇಕು ಎಂಬ ಊಹೆ. ಗಂಡುಸಾಲಿನ ದಾಖಲೆ ಹಿಡಿದು ಈಗ ಬದುಕಿರುವ ಐದು ಜನರನ್ನು ಹುಡುಕಿ ವೈ ಹೋಲಿಸಿದರು. ಪುಸ್ತಕಗಳಲ್ಲಿ ಹೆಮ್ಮೆಯಿಂದ ಬರೆದಿಟ್ಟ ರಾಜವಂಶದ ಸಾಲು ಅದು. ಐದೂ ಜನರಲ್ಲಿ ಒಬ್ಬರದ್ದೂ ರಿಚರ್ಡ್‌ಗೆ ಹೊಂದಲಿಲ್ಲ. ಅಷ್ಟೇ ಅಲ್ಲ, ಐವರಲ್ಲಿ ಒಬ್ಬರದ್ದು ಉಳಿದ ನಾಲ್ವರಿಗೂ ಹೊಂದಲಿಲ್ಲ. ಗುರುತು ಖಚಿತವಾಗಲು ದೊಡ್ಡ ಆಧಾರವಾದದ್ದು ಅಮ್ಮನಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ. ರಿಚರ್ಡನ ಅಕ್ಕ ಆನ್‌ಳಿಂದ ಮಗಳು, ಮೊಮ್ಮಗಳು ಎಂದು ಇಳಿದುಬಂದ ಸಾಲಿನ ಇಬ್ಬರದು ಅದಕ್ಕೆ ಹೊಂದಿತು. ಆ ಸಾಲಿನಲ್ಲಿ ಮದುವೆಗೊಮ್ಮೆ ಅಡ್ಡಹೆಸರು ಬದಲಾಗಿತ್ತು.