ದಾರಿಯಲ್ಲಿ ಸಿಕ್ಕ ಹಣದ ಗಂಟು: ಮಳಖೇಡದ ಕಾಲದ ಒಂದು ಲೆಕ್ಕ

ಕಲಬುರಗಿಯಿಂದ ಸೇಡಂ ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಗಿಣಾ ದಂಡೆಯ ಮಳಖೇಡದ ಕೋಟೆ ಗೊತ್ತು. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಎಂಬ ಗ್ರಂಥ ಬರೆದ. ಗುಣಾಕಾರ ಕಲಿಸುವಾಗಲೂ ಅವನಿಗೆ ಚೆಲುವು ಬೇಕು: 152207ನ್ನು 73ರಿಂದ ಗುಣಿಸಿದರೆ 11111111. ಇಂಥ ಉತ್ತರಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಗುಣಿಸಿ ನೋಡಿ, ಎಂಟು ಮಣಿ ಒಂದೊಂದಾಗಿ ಬಂದು ಕೂರುತ್ತವೆ.

ಆ ಗ್ರಂಥದಲ್ಲಿ ನನಗೆ ಬಹಳ ಇಷ್ಟವಾದದ್ದು ಮೂವರು ವ್ಯಾಪಾರಿಗಳ ಲೆಕ್ಕ. ದಾರಿಯಲ್ಲಿ ಹಣದ ಗಂಟೊಂದು ಬಿದ್ದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯವ, “ಈ ಗಂಟು ನನಗ ಸಿಕ್ಕರ, ನಿಮ್ಮಿಬ್ಬರ ರೊಕ್ಕ ಕೂಡಿಸಿದರೂ ಅದರ ಎರಡು ಪಟ್ಟು ನನ್ನ ಹತ್ರ ಇರ್ತದ” ಅನ್ನುತ್ತಾನೆ. ಎರಡನೆಯವ, “ನನಗ ಸಿಕ್ಕರ ಮೂರು ಪಟ್ಟು.” ಮೂರನೆಯವ, “ನನಗ ಸಿಕ್ಕರ ಐದು ಪಟ್ಟು!” ಗಂಟಿನಲ್ಲಿ ಎಷ್ಟಿತ್ತು? ಯಾರ ಹತ್ತಿರ ಎಷ್ಟಿತ್ತು?

ನಾಲ್ಕು ಅವ್ಯಕ್ತ (ಗೊತ್ತಿಲ್ಲದ ಸಂಖ್ಯೆ), ಮೂರೇ ಸಮೀಕರಣ ಎಂದು ಗಾಬರಿಯಾಗಬೇಡಿ. ಮೂವರ ಹಣ, ಗಂಟಿನ ಹಣ ಎಲ್ಲ ಕೂಡಿಸಿ ‘ಒಟ್ಟು’ ಅನ್ನೋಣ. ಗಂಟು ಯಾರ ಕೈಗೆ ಹೋದರೂ ಒಟ್ಟು ಬದಲಾಗುವುದಿಲ್ಲ. ಇಡೀ ಲೆಕ್ಕದ ಬೀಗದ ಕೈ ಇದೇ. ಗಂಟು ಸೇರಿ ಮೊದಲನೆಯವನದು ಎರಡು ಪಾಲಾದರೆ ಉಳಿದಿಬ್ಬರದು ಒಂದು ಪಾಲು. ಅಂದರೆ ಆ ಇಬ್ಬರ ಹಣ ಒಟ್ಟಿನ 1/3. ಹಾಗೆಯೇ ಎರಡನೆಯವನನ್ನು ಬಿಟ್ಟರೆ ಉಳಿದವರದು 1/4, ಮೂರನೆಯವನನ್ನು ಬಿಟ್ಟರೆ 1/6.

3, 4, 6ರ ಲ.ಸಾ.ಅ. (ಮೂರರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12. ಮುಂದೆ ಅರ್ಧ ಮಾಡಬೇಕಾಗುತ್ತದೆ, ಅದಕ್ಕೆ ಒಟ್ಟು 24 ಇರಲಿ. ಆಗ ಇಬ್ಬಿಬ್ಬರ ಮೊತ್ತಗಳು 8, 6, 4. ಕೂಡಿಸಿದರೆ 18. ಇಲ್ಲಿ ಪ್ರತಿಯೊಬ್ಬರೂ ಎರಡು ಸಲ ಬಂದಿದ್ದಾರೆ (ಬಹಳ ಜನ ಎಡವುವುದು ಇಲ್ಲೇ), ಆದ್ದರಿಂದ ಮೂವರ ಹಣ 9, ಗಂಟಿನಲ್ಲಿ 15. 9ರಿಂದ 8, 6, 4 ಕಳೆದರೆ ಅವರವರ ಹಣ: 1, 3, 5. ಈ ಸಂಖ್ಯೆಗಳನ್ನೆಲ್ಲ ಎರಡು ಪಟ್ಟು, ಹತ್ತು ಪಟ್ಟು ಮಾಡಿದರೂ ಉತ್ತರ ಸರಿಯೇ.

ನಗು ಎಲ್ಲಿದೆ ನೋಡಿ. ಮೂವರ ಜೇಬು ಜಾಡಿಸಿದರೂ ಒಂಬತ್ತೇ, ಬಡಾಯಿ ಮಾತ್ರ ಹದಿನೈದರ ಗಂಟಿನ ಮೇಲೆ! ಮೊದಲು ಬಾಯಿ ತೆರೆದವನ ಹತ್ತಿರವಂತೂ ಒಂದೇ ನಾಣ್ಯ.

ಈಗ ಒಂದು ಮಾತನ್ನಷ್ಟೇ ಬದಲಿಸಿ. ಮೊದಲನೆಯವ ಎರಡು ಪಟ್ಟು ಬಿಟ್ಟು, “ನಿಮ್ಮಿಬ್ಬರದು ಕೂಡಿಸಿದಷ್ಟು ನನ್ನ ಹತ್ರ ಇರ್ತದ” ಎಂದು ತಗ್ಗಿ ಹೇಳಲಿ. ಅದೇ ದಾರಿಯಲ್ಲಿ ಮಾಡಿದರೆ ಮೊತ್ತಗಳು 12, 6, 4. ಮೂವರದು 11, ಗಂಟು 13. ಎರಡನೆಯವನದು 5, ಮೂರನೆಯವನದು 7. ಮೊದಲನೆಯವನದು 11ರಲ್ಲಿ 12 ಕಳೆದರೆ ಋಣ 1. ತಾಳೆ ನೋಡಿ, ಮೂರು ಮಾತೂ ನಿಜವಾಗುತ್ತವೆ. ಕನ್ನಡದಲ್ಲಿ ಋಣ ಎಂದರೆ ಸಾಲವೂ ಹೌದು. ಆತ ಅಷ್ಟು ತಗ್ಗಿ ಮಾತಾಡಿದ್ದು ಒಂದು ನಾಣ್ಯ ಸಾಲ ಹೊತ್ತುಕೊಂಡು!