ಗುಂಯ್ ಅನ್ನುವುದು ಲ್ಯಾಪ್‌ಟಾಪ್ ಅಲ್ಲ

ಬಳ್ಳಾರಿ ಕಡೆಯ ಒಂದು ಬಯಲು ವೇದಿಕೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಸಿಂಥಸೈಜರ್, ಲ್ಯಾಪ್‌ಟಾಪಿನ ಸದ್ದನ್ನು ಹೊರಗೆ ಕೊಡುವ ಆಡಿಯೊ ಇಂಟರ್‌ಫೇಸ್. ಬೆನ್ನ ಹಿಂದೆ ಎಲ್‌ಇಡಿ ಗೋಡೆ. ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್ ಮಾಡಿದಾಗ ಎಲ್ಲ ಸರಿ. ಐದಕ್ಕೆ ಎಲ್‌ಇಡಿಯವರು ಬಂದು ಲ್ಯಾಪ್‌ಟಾಪಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಚುಚ್ಚುತ್ತಾರೆ. ಸ್ಪೀಕರಿನಲ್ಲಿ ಗುಂಯ್ ಶುರು. ಮೊದಲ ಬೈಗುಳ ಲ್ಯಾಪ್‌ಟಾಪಿಗೆ, ಎರಡನೆಯದು ಸದ್ದುಗಳನ್ನು ಬೆರೆಸುವ ಮಿಕ್ಸರಿಗೆ. ತಪ್ಪು ಎರಡರದ್ದೂ ಅಲ್ಲ.

ಮಿಕ್ಸರಿಗೆ ಅರ್ಥಿಂಗ್ ಒಂದು ಬೋರ್ಡಿನಿಂದ ಬಂದಿದೆ, ಎಲ್‌ಇಡಿ ಗೋಡೆಗೆ ಇನ್ನೊಂದರಿಂದ. ಹೆಸರಿಗೆ ಎರಡೂ ನೆಲವೇ. ಆದರೆ ನಡುವೆ ಚೂರುಪಾರು ವೋಲ್ಟೇಜ್ ಇದ್ದೇ ಇರುತ್ತದೆ. ಆಡಿಯೊ ಕೇಬಲಿನ ಹೊರಜಾಲರಿ, ಲ್ಯಾಪ್‌ಟಾಪಿನ ಒಡಲು, ಎಚ್‌ಡಿಎಂಐ ಕೇಬಲಿನ ಜಾಲರಿ, ಇಷ್ಟೂ ಸೇರಿ ಒಂದು ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತದೆ. ಲೈಟಿನ ಡಿಮ್ಮರ್, ಪವರ್ ಸಪ್ಲೈಗಳು ಸೇರಿಸುವ 100, 150 ಹರ್ಟ್ಸ್‌ಗಳಿಂದ ಅದು ಇನ್ನಷ್ಟು ಒರಟಾಗುತ್ತದೆ. ಇದೇನಾ ಅಲ್ಲವಾ ಎಂದು ತಿಳಿಯಲು ಎಚ್‌ಡಿಎಂಐ ಕಿತ್ತು ನೋಡಿ. ಸದ್ದು ನಿಂತರೆ ಇದೇ.

ಆಗ ಯಾರೋ ಒಬ್ಬರು ಕಟಿಂಗ್ ಪ್ಲೇಯರ್ ಹಿಡಿದು ಬಂದು ಪ್ಲಗ್ಗಿನ ಮೂರನೇ ಪಿನ್ ಮುರಿಯೋಣ ಅನ್ನುತ್ತಾರೆ. ಗುಂಯ್ ಹೋಗುತ್ತದೆ, ನಿಜ. ಮುಂದೆ ಒಳಗಿನ ವೈರು ಕಬ್ಬಿಣಕ್ಕೆ ತಾಗಿದ ದಿನ ಫ್ಯೂಸ್ ಹೋಗುವುದಿಲ್ಲ, ಮುಟ್ಟಿದವನು ಹೋಗುತ್ತಾನೆ. ಸರಿಯಾದ ದಾರಿ ಎಂದರೆ ಇಂಟರ್‌ಫೇಸ್ ಮತ್ತು ಮಿಕ್ಸರಿನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್. ಎಡಕ್ಕೊಂದು ಬಲಕ್ಕೊಂದು ಚಾನೆಲ್, ಆಡಿಯೊ ಕೇಬಲಿನ ಜಾಲರಿಯ ಜೋಡಣೆ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿಟ್ಟರೆ ಆಯಿತು. ಸಂಗೀತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ನೆಲದ ಕರೆಂಟಿಗೆ ದಾರಿ ಇರುವುದಿಲ್ಲ.

ಇದಕ್ಕಿಂತ ಮೊದಲೇ ಮಾಡಬಹುದಾದ ಕೆಲಸವೂ ಒಂದಿದೆ. ಎಲ್‌ಇಡಿ ಗೋಡೆಗೆ ಚಿತ್ರ ಹಂಚುವ ಪ್ರೊಸೆಸರನ್ನು ಗೋಡೆಯ ಬುಡದಲ್ಲಿ ಇಡದೆ ಲ್ಯಾಪ್‌ಟಾಪಿನ ಪಕ್ಕದಲ್ಲೇ, ಅದೇ ಬೋರ್ಡಿನ ಕರೆಂಟಿನಲ್ಲಿ ಇಟ್ಟುಕೊಳ್ಳಿ. ಎಚ್‌ಡಿಎಂಐ ಎರಡು ಮೀಟರಿಗೆ ಮುಗಿಯುತ್ತದೆ (ಹದಿನೈದು ಮೀಟರ್ ಎಳೆದರೆ ಚಿತ್ರ ಮಿಟುಕಲೂಬಹುದು). ಅಲ್ಲಿಂದ ಗೋಡೆಗೆ ಹೋಗುವುದು ನೆಟ್‌ವರ್ಕ್ ಕೇಬಲ್. 100 ಮೀಟರ್‌ವರೆಗೆ ನಡೆಯುತ್ತದೆ, ಅದರ ಎರಡೂ ತುದಿಯಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರುಗಳಿವೆ, ಸುತ್ತು ಅಲ್ಲೇ ಕಡಿಯುತ್ತದೆ. ಜಾಲರಿ ಇಲ್ಲದ ಕೇಬಲ್ಲೇ ತರಬೇಕು. ದುಬಾರಿಯದು ಒಳ್ಳೆಯದಿರಬೇಕೆಂದು ಜಾಲರಿ ಇದ್ದದ್ದನ್ನು ತಂದರೆ ಕಡಿದ ಸುತ್ತನ್ನು ನೀವೇ ಗಂಟು ಹಾಕಿದಂತೆ.

ಇನ್ನು ನೆಲ. ರಾಯಚೂರಿನ ಎರೆಭೂಮಿ ಏಪ್ರಿಲ್ ಹೊತ್ತಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಟ್ಟ ಅರ್ಥಿಂಗ್ ಸರಳಿನ ಸುತ್ತ ಮಣ್ಣು ಸರಿದು ಗಾಳಿಯೇ ಉಳಿದರೆ ಆ ಸರಳು ಇದ್ದೂ ಇಲ್ಲದಂತೆ. ಬುಡದ ಮಣ್ಣು ತುಳಿದು, ಬಿಂದಿಗೆಗಟ್ಟಲೆ ನೀರು ಹಾಕಬೇಕು. ಕಾರ್ಯಕ್ರಮಕ್ಕೆ ಮುಂಚೆ ಇನ್ನೊಮ್ಮೆ. ಬಳ್ಳಾರಿಯ ಗುಡ್ಡದ ಕಡೆ ತೊಂದರೆ ಬೇರೆ: ಎರಡು ಅಡಿಗೆ ಬಂಡೆ ಸಿಗುತ್ತದೆ. ಅಲ್ಲಿ ಒಂದೇ ಸರಳಿನ ಮೇಲೆ ಸುತ್ತಿಗೆ ಮುರಿಯುವ ಬದಲು ಗಿಡ್ಡ ಸರಳು ಮೂರ್ನಾಲ್ಕನ್ನು ದೂರ ದೂರ ನೆಟ್ಟು ತಂತಿಯಿಂದ ಜೋಡಿಸುವುದು ಮೇಲು.

ಸಲಕರಣೆಗಳಿಗೆ ಕರೆಂಟ್ ಕೊಡುವ ಮುಂಚೆ ಬೋರ್ಡಿನಲ್ಲಿ ಮಲ್ಟಿಮೀಟರಿನಿಂದ ಮೂರು ಅಳತೆ ತೆಗೆಯಿರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಆಸುಪಾಸು, ಫೇಸ್‌ನಿಂದ ಅರ್ಥಿಂಗ್‌ಗೂ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ ಎರಡು ಮೂರು ವೋಲ್ಟ್ ಮೀರಬಾರದು. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಕಡಿಮೆ ಲೋಡ್ ಇರುವ ಫೇಸ್ 400ರ ಕಡೆಗೆ ಏರುತ್ತದೆ. ಸಾಮಾನ್ಯವಾಗಿ ಆ ಕಡಿಮೆ ಲೋಡಿನ ಫೇಸ್ ಮೇಲೆ ಇರುವುದು ಮಿಕ್ಸರ್ ಮತ್ತು ಲ್ಯಾಪ್‌ಟಾಪ್. ಗಂಗಾವತಿಯಂಥ ಅಕ್ಕಿ ಗಿರಣಿಯ ಊರಿನಲ್ಲಿ ಇದರ ಉಲ್ಟಾ: ಪಕ್ಕದ ದೊಡ್ಡ ಮೋಟಾರ್ ಚಾಲೂ ಆದಾಗ ವೋಲ್ಟೇಜ್ ಕ್ಷಣಕಾಲ ಕುಸಿಯಬಹುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಉಳಿದುಕೊಳ್ಳುತ್ತದೆ. ಡಿಜಿಟಲ್ ಮಿಕ್ಸರ್ ಮತ್ತು ಪ್ರೊಸೆಸರ್ ರೀಸ್ಟಾರ್ಟ್ ಆಗುವಷ್ಟು ಹೊತ್ತು ಜನ ಕತ್ತಲಲ್ಲಿ ಸುಮ್ಮನೆ ಕೂರಬೇಕು. ಈ ಎರಡಕ್ಕೂ ಇಂಟರ್‌ಫೇಸಿಗೂ 1 ಕೆವಿಎ ಯುಪಿಎಸ್ ಸಾಕು. ಆಂಪ್ಲಿಫೈಯರನ್ನು ಅದಕ್ಕೆ ತಗುಲಿಸಬೇಡಿ.

ಚಿತ್ರದ ಲೆಕ್ಕ ಸುಲಭ. 3.91 ಮಿಲಿಮೀಟರ್ ಪಿಚ್‌ನ (ಚುಕ್ಕೆಯಿಂದ ಚುಕ್ಕೆಗೆ ಅಷ್ಟು ದೂರ) ಅರ್ಧ ಮೀಟರ್ ಚೌಕದ ಪ್ಯಾನೆಲಿನಲ್ಲಿ 128×128 ಪಿಕ್ಸೆಲ್. ಅಡ್ಡಕ್ಕೆ 6, ಮೇಲಕ್ಕೆ 4 ಪ್ಯಾನೆಲ್ ಜೋಡಿಸಿದರೆ 3×2 ಮೀಟರ್ ಗೋಡೆ, 768×512 ಪಿಕ್ಸೆಲ್. ಅಷ್ಟಕ್ಕೇ ಚಿತ್ರ ತಯಾರಿಸಿ. 1920×1080ರಲ್ಲಿ ಎಳೆದ ತೆಳು ಗೆರೆ ಕುಗ್ಗುವಾಗ ಮಾಯವಾಗುತ್ತದೆ.

ಸಮಯದ ಲೆಕ್ಕಕ್ಕೆ ಮಾತ್ರ ಸ್ವಲ್ಪ ಕೂತು ಯೋಚಿಸಬೇಕು. ಕಲಾವಿದರನ್ನು ಗೋಡೆಯ ಮೇಲೆ ತೋರಿಸುವ ಕ್ಯಾಮೆರಾ, ಚಿತ್ರಗಳ ನಡುವೆ ಬದಲಿಸುವ ಸ್ವಿಚರ್, ಪ್ರೊಸೆಸರ್ ತಲಾ ಒಂದು ಫ್ರೇಮ್ ತಿಂದರೆ ಸೆಕೆಂಡಿಗೆ 50 ಫ್ರೇಮ್ ಲೆಕ್ಕದಲ್ಲಿ 60 ಮಿಲಿಸೆಕೆಂಡ್ ತಡ. ಹಾಗೆಂದು ಸ್ಪೀಕರಿನ ಸದ್ದನ್ನೂ ತಡ ಮಾಡಲು ಹೊರಡುವವರಿದ್ದಾರೆ. ಬೇಡ. ಇಪ್ಪತ್ತು ಮೀಟರ್ ಹಿಂದೆ ಕೂತವರಿಗೆ ಸದ್ದು ಗಾಳಿಯಲ್ಲಿ ಬರಲಿಕ್ಕೇ 57 ಮಿಲಿಸೆಕೆಂಡ್ ಬೇಕು. ಅವರಿಗೆ ಗೋಡೆಯ ಮೇಲಿನ ಕೈಯೂ ಕಿಕ್ ಡ್ರಮ್ಮಿನ ಸದ್ದೂ ತಾವಾಗಿಯೇ ಕೂಡುತ್ತವೆ. ಪೇಚು ಮುಂದಿನ ಸಾಲಿನವರಿಗೆ ಮಾತ್ರ, ಅವರು ಹೇಗೂ ಗೋಡೆ ಬಿಟ್ಟು ಕಲಾವಿದರನ್ನೇ ನೋಡುತ್ತಿರುತ್ತಾರೆ.

ವೇದಿಕೆಯಿಂದ 34 ಮೀಟರ್ ಮುಂದೆ ಎರಡನೇ ಜೋಡಿ ಸ್ಪೀಕರ್ ನಿಲ್ಲಿಸಿದರೆ ಅದಕ್ಕೆ ಡಿಲೇ ಕೊಡಲೇಬೇಕು, ಅಂದರೆ ವೇದಿಕೆಯ ಸದ್ದು ಅಲ್ಲಿಗೆ ಬರುವಷ್ಟು ಹೊತ್ತು ತಡೆಯಬೇಕು. ಪುಸ್ತಕದಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಆದರೆ ಅದು 20 ಡಿಗ್ರಿಯ ಮಾತು. ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ ಸುಮಾರು 355. ಸಂಜೆ 95.6 ಮಿಲಿಸೆಕೆಂಡ್ ಇಟ್ಟದ್ದು ಗಾಳಿ 28 ಡಿಗ್ರಿಗೆ ತಣಿದಾಗ 97.6 ಆಗಬೇಕು. ಎರಡು ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. 250 ಹರ್ಟ್ಸ್‌ಗೆ ಅದು ಅರ್ಧ ಅಲೆ. ಎರಡು ಸ್ಪೀಕರುಗಳ ಸದ್ದು ಕೂಡುವ ಜಾಗದಲ್ಲಿ ಒಂದರ ಉಬ್ಬನ್ನು ಇನ್ನೊಂದರ ತಗ್ಗು ನುಂಗಿ ದನಿ ಟೊಳ್ಳಾಗುತ್ತದೆ. ಲೆಕ್ಕ ಬಂದದ್ದಕ್ಕೆ ಇನ್ನೂ 10 ಮಿಲಿಸೆಕೆಂಡ್ ಸೇರಿಸಿದರೆ ಕಿವಿ ಮೊದಲು ಬಂದ ವೇದಿಕೆಯ ಸದ್ದಿಗೇ ಜೋತುಬೀಳುತ್ತದೆ, ಈ ಎರಡರ ಜಗಳವೂ ಅಷ್ಟಾಗಿ ಕೇಳಿಸುವುದಿಲ್ಲ.

ಬಿಸಿಲಿಗೆ ಲ್ಯಾಪ್‌ಟಾಪೂ ಸುಸ್ತಾಗುತ್ತದೆ. ಹಲವನ್ನು 35 ಡಿಗ್ರಿಯವರೆಗಿನ ಗಾಳಿಗೆಂದೇ ಮಾಡಿರುತ್ತಾರೆ. ಅದು ಮೀರಿದರೆ ಲ್ಯಾಪ್‌ಟಾಪಿನೊಳಗಿನ ಸಿಪಿಯು ತಾನೇ ವೇಗ ಇಳಿಸಿಕೊಳ್ಳುತ್ತದೆ, ಹಾಡಿನ ನಡುವೆ ಟಪ್ ಟಪ್ ಎಂದು ಸದ್ದು ಕಡಿಯುತ್ತದೆ. ಲ್ಯಾಪ್‌ಟಾಪ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಂಡನ್ನು, ಅಂದರೆ ಬಫರನ್ನು, 128ರಿಂದ 256 ಸ್ಯಾಂಪಲಿಗೆ ಏರಿಸಿ. 48 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುವ ತಡ 2.7 ಮಿಲಿಸೆಕೆಂಡ್ ಅಷ್ಟೇ, ಬೆರಳಿಗೆ ಗೊತ್ತಾಗದು.

ಗುಡ್ಡ ಎದುರಿಗಿದ್ದರೆ ಅದೂ ತಾಳ ಹಾಕುತ್ತದೆ. ಬಂಡೆ 85 ಮೀಟರ್ ದೂರ ಇದ್ದರೆ, 40 ಡಿಗ್ರಿಯಲ್ಲಿ ಪ್ರತಿಧ್ವನಿ 0.48 ಸೆಕೆಂಡಿಗೆ ತಿರುಗಿ ಬರುತ್ತದೆ. 125 ಬಿಪಿಎಂ (ನಿಮಿಷಕ್ಕೆ 125 ಬೀಟ್) ಹಾಡಿನ ಒಂದು ಬೀಟ್ ಕೂಡ ಅಷ್ಟೇ, ಹಾಗಾಗಿ ಗುಡ್ಡ ಸರಿಯಾಗಿ ಮುಂದಿನ ಬೀಟಿನ ಮೇಲೆ ಬೀಳುತ್ತದೆ. 140ಕ್ಕೆ ಹೋದರೆ ಎಡವುತ್ತದೆ. ಸ್ಪೀಕರಿನ ಬೆನ್ನನ್ನು ಗುಡ್ಡಕ್ಕೆ ತಿರುಗಿಸಿದರೆ ಮೇಲ್ದನಿ ಅತ್ತ ಹೋಗದು, ಸಬ್‌ವೂಫರಿನ ದಮ್ಮು ಎಲ್ಲ ಕಡೆಗೂ ಹೋಗುತ್ತದೆ.

ರಾತ್ರಿ ನೆಲ ತಣಿದು ಮೇಲಿನ ಗಾಳಿ ಬೆಚ್ಚಗಿದ್ದರೆ ಮೇಲಕ್ಕೆ ಹೊರಟ ಸದ್ದೂ ಬಾಗಿ ಕೆಳಗಿಳಿಯುತ್ತದೆ; ಸಂಜೆ ಮೈದಾನ ದಾಟದ ಬಾಸ್ ಪಕ್ಕದ ಹಳ್ಳಿಯ ಮಂಚ ಅಲುಗಿಸುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹತ್ತಕ್ಕೆ ಐದು ನಿಮಿಷ ಇರುವಾಗ ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಮಿಕ್ಸರ್. ಉಲ್ಟಾ ಮಾಡಿದರೆ ಕೊನೆಗೊಂದು ಧಡ್ ಕೇಳುತ್ತದೆ, ಕೆಲವೊಮ್ಮೆ ಸ್ಪೀಕರಿನ ಕೋನ್ ಸಮೇತ.