ದನಿ ಬಿದ್ದಿಲ್ರಿ, ಪಟ್ಟಿ ಇಳಿದೈತಿ

ಪೇಟಿ, ಅಂದ್ರ ಹಾರ್ಮೋನಿಯಂ, ನುಡಿಸಾಕ ಹತ್ತಿ ನಂಗ ಮೂವತ್ತು ವರ್ಷ ಆತು. ಖಯಾಲ್ ಬೈಠಕ್‌ಗೂ ಕುಂತೀನಿ, ಭಾವಗೀತಿ ಕಾರ್ಯಕ್ರಮಕ್ಕೂ ಕುಂತೀನಿ, ಮದುವಿ ಆರ್ಕೆಸ್ಟ್ರಾನೂ ಬಿಟ್ಟಿಲ್ಲ. ಪೇಟಿ ಹಿಂದ ಕುಂತಾವಂಗ ಒಂದ ಅನುಕೂಲ ಐತ್ರಿ, ಹಾಡವ್ರ ಮಾರಿ ಅರ್ಧ ಕಾಣತೈತಿ, ಕೇಳವ್ರ ಮಾರಿ ಪೂರ್ತಿ ಕಾಣತೈತಿ.

ಹೋದ ತಿಂಗಳ ಧಾರವಾಡದಾಗ ಒಂದ ಸಣ್ಣ ಕಾರ್ಯಕ್ರಮ ಇತ್ತು. ಹಾಡಿದವ್ರು ಎಪ್ಪತ್ತು ದಾಟಿದ ಅಕ್ಕಾರು, ಹೆಸರು ಬ್ಯಾಡ. ಕಡೀಕ ಅವ್ರು ಹಾಡಿದ್ದು ಅವ್ರ ಹಾಡಲ್ಲ, ಬ್ಯಾರೆ ಗಾಯಕಿ ಹರೇದಾಗ ಹಾಡಿ, ಕ್ಯಾಸೆಟ್ ಕಾಲದಾಗ ಮನಿಮನಿ ಸೇರಿದ ಭಾವಗೀತಿ, ನಿಮಗೂ ಬಾಯಿಪಾಠ ಇರತೈತಿ. ಹಾಡು ಮುಗೀತು, ಚಪ್ಪಾಳೆ ಜೋರ ಬಿತ್ತು, ನಾನು ಪೇಟಿ ಮುಚ್ಚಿ ಚಾ ಕುಡಿಯಾಕ ಹೊರಗ ಬಂದ್ರ ಅಲ್ಲಿ ಆಗ್ಲೇ ಎರಡ ಪಾರ್ಟಿ ಆಗಿದ್ವು. ಗದಗಿನಿಂದ ಬಂದಿದ್ದ ಹಿರಿಯರೊಬ್ರು, "ಒರಿಜಿನಲ್ ಹಂಗ ಇಲ್ಲ ಬಿಡ್ರಿ, ಅಕ್ಕಾರ ದನಿ ಬಿದ್ದೈತಿ, ಸುಮ್ನ ಆ ಹಾಡಿಗೆ ಯಾಕ ಕೈ ಹಾಕಬೇಕಿತ್ತು" ಅಂದ್ರು. ಅವ್ರ ಬಾಜೂಕ ನಿಂತಿದ್ದ ಹೆಣ್ಣಮಗಳು ಕಣ್ಣೊರಸಿಕೋತ, "ಈ ವಯಸ್ಸಿನ್ಯಾಗೂ ಎಷ್ಟ ಛಂದ ಹಾಡಿದ್ರು ನೋಡ್ರಿ" ಅಂದ್ರು.

ಖರೇ ಹೇಳ್ಬೇಕಂದ್ರ ನಂಗ ಮೊದಲನೇ ಮಾತಿಗಿಂತ ಎರಡನೇ ಮಾತು ಜಾಸ್ತಿ ಚುಚ್ಚಿತು. "ಈ ವಯಸ್ಸಿನ್ಯಾಗೂ" ಅಂದ್ರ ಕೇಳಿಲ್ಲ ಅಂತನ ಅರ್ಥ, ವಯಸ್ಸಿಗೆ ಕೈ ಮುಗದು ಎದ್ದ ಬಂದಂಗ. ಗದಗಿನವ್ರು ಬೈದ್ರೂ ಏನೋ ಕೇಳಿದ್ರು, ಖರೇ, ಆದ್ರ ಕೇಳಿಸಿದ್ದಕ್ಕ ತಪ್ಪು ಹೆಸರು ಇಟ್ರು.

ಆ ದಿನ ಮಧ್ಯಾಹ್ನ ಏನಾತು ಅಂದ್ರ, ಅಕ್ಕಾರು ಗ್ರೀನ್ ರೂಮಿನ್ಯಾಗ ನನ್ನ ಪೇಟಿ ಮುಂದ ಕುಂತು ತಾವ ಒಂದ ಬೆರಳಿಲೆ ಮನಿ (ಪೇಟಿಯ ಕೀಲಿ) ಒತ್ತಿ, ಬಾಯಿ ಮುಚ್ಚಿ ಗುನುಗಿ ನೋಡಿದ್ರು. ಮೂಲ ಹಾಡು ಕಪ್ಪು ನಾಕರಾಗ ಐತಿ, ಅಂದ್ರ ನಾಕನೇ ಕಪ್ಪು ಮನಿ ಅದರ ಷಡ್ಜ, ಹಾಡಿನ ‘ಸಾ’. ಒಂದ ಮನಿ ಇಳಿಸಿದ್ರು, ಬಿಳಿ ಐದು, ತಲಿ ಅಲ್ಲಾಡಿಸಿದ್ರು. ಕಪ್ಪು ಮೂರು, ಊಂಹೂಂ. ಬಿಳಿ ನಾಕಕ್ಕ ಬಂದು, "ಇಲ್ಲಿ ಮಾತು ಬರತಾವ ನೋಡ್ರಿ ಮಾಸ್ತರ" ಅಂದ್ರು. ಸ್ವರ ಬರತಾವ ಅನ್ನಲಿಲ್ಲ, ಮಾತು ಬರತಾವ ಅಂದ್ರು. ಅಂದ್ರ ಮೂರ ಮನಿ ಇಳೀತು, ಪಟ್ಟಿ ಇಳಿಯೂದು ಅಂದ್ರ ಇದ. ತಬಲಜಿ ಹುಡುಗ ಕಪ್ಪು ನಾಕಕ್ಕ ಮಿಲಾಯಿಸಿ ಇಟ್ಟಿದ್ದ, ಅವನ ಮಾರಿ ಸಣ್ಣ ಆತು, ಯಾಕಂದ್ರ ಒಂದ ತಬಲಾನ ಸುತ್ತಿಗಿಲೆ ಬಡದು ಅಷ್ಟ ಇಳಿಸಿದ್ರ ಪುಡಿ, ಅಂದ್ರ ಮ್ಯಾಲಿನ ಚರ್ಮ, ಸಡಲ ಬಿದ್ದು ದನಿ ಮಂಕ ಆಗತೈತಿ, ಕಡೀಕ ಗಾಡಿ ತಗೊಂಡು ಮನಿಗೆ ಹೋಗಿ ಬ್ಯಾರೆ ತಬಲಾನ ತಂದ.

ಮೂರ ಮನಿ ಏನ್ ಮಹಾ ಅಂತೀರಿ? ಲೆಕ್ಕ ನೋಡ್ರಿ. ಕಪ್ಪು ನಾಕರ ಮಧ್ಯ ಷಡ್ಜ ಹೆಣ್ಣಮಕ್ಕಳ ದನಿಯಾಗ ಸುಮಾರು 208 ಹರ್ಟ್ಜ್, ಅಂದ್ರ ಗಂಟಲಾಗಿನ ದನಿತಂತು ಒಂದ ಸೆಕೆಂಡಿಗೆ 208 ಸಲ ಬಡಕೋತಾವು. ಈ ಹಾಡಿನ ಅಂತರಾ, ಅಂದ್ರ ಪಲ್ಲವಿ ಆದ ಮ್ಯಾಲೆ ಎತ್ತರಕ್ಕ ಹೋಗೂ ಭಾಗ, ತಾರ ಪಂಚಮ (ಮ್ಯಾಲಿನ ಸಪ್ತಕದ ‘ಪ’) ಮುಟ್ಟತೈತಿ, ಅಲ್ಲಿ 622 ಸಲ. ಬಿಳಿ ನಾಕಕ್ಕ ಇಳಿಸಿದ್ರ ಅದ ಪಂಚಮ 523ಕ್ಕ ಬರತೈತಿ. ಇಪ್ಪತ್ತೆಂಟು ವರ್ಷದ ಗಂಟಲಿಗೆ 622 ಒಂದ ಆಟ, ಎಪ್ಪತ್ತರ ಗಂಟಲಿಗೆ ಅದು ಗುಡ್ಡ ಹತ್ತಿದಂಗ. ಮುಟ್ಟು ನಿಂತ ಮ್ಯಾಲೆ ಹಾರ್ಮೋನ್ ಬದಲಾಗಿ ಹೆಣ್ಣಮಕ್ಕಳ ದನಿತಂತು ಸ್ವಲ್ಪ ದಪ್ಪ ಆಗತಾವು, ದನಿ ತಾನ ಕೆಳಗ ಇಳೀತೈತಿ. ಗಂಟಲಾಗಿನ ಮೆತ್ತನ ಎಲುಬು ವಯಸ್ಸಾದಂಗ ಗಟ್ಟಿ ಆಗತೈತಿ, ತಂತು ಎಳದು ಬಿಗಿ ಮಾಡೂದು ಕಷ್ಟ ಆಗತೈತಿ. ಇದು ದನಿ ಬೀಳೂದಲ್ಲ, ದನಿಯ ಮನಿ ಬದಲಾಗೂದು. ಹೊಸ ಮನಿಯಾಗ ಬೆಳಕು ಎಲ್ಲಿಂದ ಬರತೈತಿ ಅಂತ ಹುಡುಕಿ ಅಲ್ಲೇ ಕುಂತ್ರ ಸುಖ, ಹಳೇ ಕಿಟಕಿ ಇದ್ದ ಜಾಗಾದಾಗ ಗ್ವಾಡಿಗೆ ತಲಿ ಹೊಡಕೊಂಡ್ರ ಏನ ಸಿಗತೈತಿ.

ಮೂರ ಮನಿ ಇಳಿಸಿದ್ರೂ ತಾರ ಪಂಚಮ ಅಕ್ಕಾರಿಗೆ ನಿಕ್ಕಿ ಇರಲಿಲ್ಲ. ಹಿಂಗಾಗಿ ಆ ಸಾಲಿನ್ಯಾಗ ಅವ್ರು ಅದಕ್ಕಿಂತ ಕೆಳಗಿನ ತಾರ ಗಾಂಧಾರಕ್ಕ (‘ಗ’) ಹೋಗಿ ಅಲ್ಲಿಂದ ತಿರುವಿ ಕೆಳಗ ಬಂದ್ರು. ಮೂಲದಾಗ ಆ ಪಂಚಮದ ಮ್ಯಾಲೆ ಒಂದ ಉದ್ದ ನಿಲುಗಡಿ ಐತಿ, ಕೇಳವ್ರೆಲ್ಲಾ ಅದಕ್ಕ ಕಾಯತಾರ. ಇಲ್ಲಿ ನಿಲುಗಡಿ ಇಲ್ಲ, ಅದರ ಬದಲಿಗೆ ಶಬ್ದ ಎರಡ ಸಲ ಬಂತು, ಒಂದ ಸಲ ಕೇಳಿದಂಗ, ಇನ್ನೊಂದ ಸಲ ಉತ್ತರ ಹೇಳಿದಂಗ. ವಯಸ್ಸಾದವ್ರು ಉದ್ದ ಸ್ವರ ಯಾಕ ಬಿಡತಾರ ಅನ್ನೂದಕ್ಕ ಕಾರಣ ಐತಿ. ಹರೇದ ದನಿಯಾಗಿನ ಸಣ್ಣ ನಡುಕು ಸೆಕೆಂಡಿಗೆ ಐದರಿಂದ ಏಳ ಸಲ ಇರತೈತಿ, ಅದು ಕಿವಿಗೆ ಹಿತ. ವಯಸ್ಸಾದಂಗ ನಡುಕು ನಿಧಾನ ಆಗಿ ಅಗಲ ಆಗತೈತಿ, ಉದ್ದ ಹಿಡದ್ರ ಸ್ವರ ತೂಗಾಡಿದಂಗ ಕೇಳತೈತಿ. ಉಸಿರೂ ಕಡಿಮಿ. ಜಾಣ ಗಾಯಕರು ಹಿಡಿಯೂದ ಬಿಟ್ಟು ಹೇಳಾಕ ಶುರು ಮಾಡತಾರ. ಬೆಳಗಾವಿ ಕಡೆ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನ ನೋಡ್ರಿ, ಕ್ಷಯ ಬಂದು ಒಂದ ಪುಪ್ಪುಸ ಕೆಟ್ಟು ವರ್ಷಗಟ್ಟಲೆ ಹಾಡಲಿಲ್ಲ, ತಿರುಗಿ ಬಂದಾಗ ಸಣ್ಣ ಸಣ್ಣ ತುಣುಕಿನ್ಯಾಗ ಹಾಡಿದ್ರು, ಮುಂದ ಅದ ಅವ್ರ ಗುರುತು ಆತು.

ಅಕ್ಕಾರು ತಪ್ಪ ಮಾಡಲಿಲ್ಲ ಅಂತ ನಾನು ಹೇಳಾಕ ಹತ್ತಿಲ್ಲ. ಎರಡನೇ ಸಲ ಅಂತರಾ ತಗೊಂಡಾಗ ಗಾಂಧಾರ ಒಂದ ಕೂದಲಷ್ಟು ಕೆಳಗ ಬಿತ್ತು. ಪೇಟಿ ಕಲ್ಲಿನಂಥಾ ವಾದ್ಯ, ಅದರ ಸ್ವರ ಇದ್ದಲ್ಲೇ ಇರತೈತಿ, ಹಾಡವ್ರು ಕೆಳಗ ಬಂದಾಗ ಜೋರ ನುಡಿಸಿದ್ರ ಅವ್ರ ತಪ್ಪು ಊರಿಗೆಲ್ಲಾ ಸಾರಿದಂಗ. ಅದಕ್ಕ ನಾನು ಗಾಂಧಾರದ ಮ್ಯಾಲಿಂದ ಬೆರಳ ತಗದು ಬರೇ ಷಡ್ಜ ಪಂಚಮ ಉಳಿಸಿ, ಬಾತೆ (ಗಾಳಿ ತಿದಿ) ಒತ್ತೂದು ಸಣ್ಣ ಮಾಡಿದೆ. ಅಕ್ಕಾರಿಗೆ ಗೊತ್ತಾತು, ನನ್ನ ಕಡೆ ಅರ್ಧ ಕಣ್ಣಿಲೆ ನೋಡಿ ಮುಂದಿನ ಸಾಲು ತಗೊಂಡ್ರು. ಇದನ್ನ ಯಾವ ಕ್ಲಾಸಿನ್ಯಾಗೂ ಕಲಿಸೂದಿಲ್ಲ, ಸಾಥ್ ಮಾಡಾವನ ಅರ್ಧ ಕೆಲಸ ಯಾವಾಗ ನುಡಿಸಬಾರದು ಅನ್ನೂದು.

ಇನ್ನೊಂದ ಮಾತು, ಇದನ್ನ ಮಂದಿ ಗುರುತಿಸೂದಿಲ್ಲ. ಹಾಡ ನಡದಾಗ ಮೂರನೇ ಸಾಲಿನ್ಯಾಗ ಕುಂತ ಒಬ್ಬ ತಾಯಿ ಪಲ್ಲವಿ ಮುಗಿದ ಕೂಡ್ಲೇ ತುಟಿಯಾಗ "ತೂ ತುತುತೂ" ಅಂತಿದ್ರು. ಅದು ಕ್ಯಾಸೆಟ್‌ನಾಗಿನ ಕೊಳಲಿನ ತುಣುಕು! ನಮ್ಮ ಹತ್ರ ಕೊಳಲ ಇರಲಿಲ್ಲ, ಬರೇ ಪೇಟಿ ತಬಲಾ. ಆ ಜಾಗಾದಾಗ ನಾನು ಬ್ಯಾರೆ ಏನೋ ನುಡಿಸಿದೆ, ತಾಯಿ ಮಾರಿ ಮ್ಯಾಲೆ ಮೆಟ್ಟಲ ತಪ್ಪಿದಂಗ ಆತು. ಕೇಳವ್ರ ನೆನಪಿನ್ಯಾಗ ಇರೂದು ಹಾಡಲ್ಲ, ರೆಕಾರ್ಡ್. ಕೊಳಲು, ವಯೊಲಿನ್, ಆ ಗಾಯಕಿ ಉಸಿರ ಎಳಕೊಂಡ ಸಪ್ಪಳ, ಮನ್ಯಾಗಿನ ಟೇಪಿನ ಗರ್ ಅನ್ನೂದು ಸೈತ. ಅದರಾಗ ಒಂದ ಕಡಿಮಿ ಆದ್ರ ಏನೋ ಹೋತು ಅನಸತೈತಿ, ಏನ ಹೋತು ಅಂತ ತಿಳಿಯೂದಿಲ್ಲ, ಪಾಪ ಎದುರಿಗೆ ಕುಂತವ್ರ ದನಿ ಮ್ಯಾಲೆ ಹಾಕತಾರ.

ಗದಗಿನ ಹಿರಿಯರ ಜೋಡಿ ಚಾ ಕುಡಕೋತ ನಾ ಕೇಳಿದ್ದ ಇಷ್ಟ, ಭಾಗ್ಯದ ಲಕ್ಷ್ಮೀ ಬಾರಮ್ಮ ಅಂದ್ರ ನಿಮ್ಮ ಕಿವಿಯಾಗ ಯಾರ ದನಿ ಬರತೈತ್ರಿ? "ಭೀಮಸೇನ ಜೋಶಿಯವ್ರದ, ಮತ್ಯಾರದು, ನಮ್ಮ ರೋಣದಾಗ ಹುಟ್ಟಿದವ್ರು" ಅಂದ್ರು. ಬೆಂಗಳೂರ ಮೈಸೂರ ಕಡೆ ಹೋಗಿ ಕೇಳ್ರಿ, ಮಧ್ಯಮಾವತಿ ರಾಗದಾಗ ಶುರು ಮಾಡತಾರ, ಅವ್ರಿಗೆ ಅದ ಒರಿಜಿನಲ್. ಪುರಂದರದಾಸರು 16ನೇ ಶತಮಾನದವ್ರು, ಅವ್ರು ಹೆಂಗ ಹಾಡಿದ್ರು ಅಂತ ಟೇಪ್ ಮಾಡಿಟ್ಟವ್ರು ಯಾರೂ ಇಲ್ಲ. ಭೀಮಸೇನರು ಹಾಡಿದ್ದನ್ನ ಇವತ್ತಿನ ಭಾಷಾದಾಗ ಕವರ್, ಅಂದ್ರ ಒಬ್ರ ಹಾಡನ್ನ ಇನ್ನೊಬ್ರು ಹಾಡಿದ್ದು, ಅಂತ ಕರದ್ರ ನಮ್ಮ ಮಂದಿ ಹೊಡಿಯಾಕ ಬರತಾರ. ಹಿರಿಯರು ನಕ್ಕರು, ಆದ್ರ ಒಪ್ಪಲಿಲ್ಲ. "ಅವ್ರು ಭೀಮಸೇನರು, ಅವ್ರ ಮಾತ ಬ್ಯಾರೆ" ಅಂದ್ರು. ಆತು ಬಿಡ್ರಿ.

ಗಂಗೂಬಾಯಿ ಹಾನಗಲ್ಲರ ಮಾತು ನಾ ಆಗ ಎತ್ತಲಿಲ್ಲ, ಎತ್ತಬೇಕಿತ್ತು. ಹುಬ್ಬಳ್ಳಿಯವ್ರಿಗೆ ಗಂಗಜ್ಜಿ ಅಂದ್ರ ಆ ಗಡಸು, ಗಂಡು ದನಿಯಂಥಾ ದನಿ. 1930ರ ದಶಕದ ಅವ್ರ ರೆಕಾರ್ಡ್ ಹಾಕಿ ಕೇಳಿಸಿದ್ರ ಇದು ಯಾರದು ಅಂತಾರ, ಅಷ್ಟ ಸಪೂರ, ಅಷ್ಟ ಎತ್ತರದ ದನಿ. ನಡುವ ಗಂಟಲ ಆಪರೇಷನ್ ಆಗಿ ದನಿ ಇಳೀತು. ಇಳದ ದನಿಯಾಗ ಅವ್ರು ಮುಂದ ಎಷ್ಟೋ ದಶಕ ಹಾಡಿದ್ರು, ನಮ್ಮ ಪಾಲಿಗೆ ಆ ಇಳದ ದನೀನ ಗಂಗೂಬಾಯಿ.

ಹಂಗಂತ ಹಿರಿಯರು ಹಾಡಿದ್ದೆಲ್ಲಾ ಛಲೋ ಅಂತಲ್ಲ. ನಂಗ ಸಿಟ್ಟ ಬರೂದು ಟ್ರ್ಯಾಕ್, ಅಂದ್ರ ಹಾಡಿನ ದನಿ ಬಿಟ್ಟು ಬರೇ ವಾದ್ಯದ ರೆಕಾರ್ಡ್, ಹಾಕ್ಕೊಂಡು ಹಾಡಿದಾಗ. ಪೆನ್‌ಡ್ರೈವ್‌ನಾಗ ಮೂಲ ಹಾಡಿನ ಟ್ರ್ಯಾಕ್ ಇರತೈತಿ, ಅದನ್ನ ಮಷೀನಿನ್ಯಾಗ ಮೂರ ಮನಿ ಇಳಿಸಿದ್ರ ಕೊಳಲು ನೆಗಡಿ ಆದವ್ರಂಗ ಕೇಳತೈತಿ, ಇಳಿಸಲಿಲ್ಲ ಅಂದ್ರ ಗಾಯಕರು ಚೀರಬೇಕು. ಅದಕ್ಕಿಂತ ಹೆಚ್ಚ ಅಂದ್ರ ಟ್ರ್ಯಾಕ್ ಯಾರಿಗೂ ಕಾಯೂದಿಲ್ಲ, ಉಸಿರಿಗೆ ಅರ್ಧ ಮಾತ್ರೆ ತಡ ಆತು ಅಂದ್ರ ಬಿಟ್ಟ ಓಡತೈತಿ. ತಬಲಜಿ ಕಾಯತಾನ. ಅಕ್ಕಾರು ಆ ದಿನ ಎರಡ ಕಡೆ ತಡ ಮಾಡಿದ್ರು, ಹುಡುಗ ಠೇಕಾ (ತಬಲಾದ ತಾಳದ ಪೆಟ್ಟು) ಹಗೂರ ಎಳದು ಕಾದ, ಕೇಳವ್ರಿಗೆ ಅದು ಭಾವನಾ ತುಂಬಿ ನಿಂತಂಗ ಅನಿಸ್ತು. ಖರೇ ಅಂದ್ರ ಅಕ್ಕಾರಿಗೆ ಕೆಮ್ಮ ಬಂದಿತ್ತು. ಸಂಘಟಕರು ಹಾಡೂಕಿಂತ ಮೊದಲ ಸತ್ಕಾರ ಮಾಡಿ ಕೊಳ್ಳಾಗ ಹಾವೇರಿ ಯಾಲಕ್ಕಿ ಮಾಲಿ ಹಾಕಿದ್ರು, ಅದರ ಘಾಟು ಗಂಟಲಿಗೆ ಹೊಡೀತು, ಅಕ್ಕಾರು ತಗದು ನನ್ನ ಪೇಟಿ ಮ್ಯಾಲೆ ಇಟ್ರು. ಹಾಡೂ ಮಂದಿಗೆ ಸತ್ಕಾರ ಹಾಡ ಮುಗದ ಮ್ಯಾಲೆ ಮಾಡ್ರಪ್ಪಾ, ಕೈ ಮುಗದು ಕೇಳತೀನಿ.

ಮೈಕಿಂದೂ ಒಂದೀಟು ಹೇಳಿಬಿಡತೀನಿ. ದನಿ ಸಣ್ಣ ಆದಂಗ ಹಿರಿಯರು ಮೈಕಿಗೆ ಹತ್ರ ಬರತಾರ, ಹತ್ರ ಬಂದಷ್ಟೂ ಮೈಕು ಕೆಳಗಿನ ಗುಂಯ್‌ಗುಡೂ ದನಿ ಜಾಸ್ತಿ ಎತ್ತತೈತಿ, ಹಲ್ಲಿನ ಸೆಟ್ ಇದ್ದವ್ರ ಸಕಾರ ಶಕಾರ ಸೀಟಿ ಹೊಡದಂಗ ಬರತಾವ. ಸೌಂಡಿನವ ಬೇಸ್ ಸ್ವಲ್ಪ ಕಡಿಮಿ ಮಾಡಿದ್ರ ಸಾಕು, ಅರ್ಧ ಟೀಕಾ ಅಲ್ಲೇ ಮುಗೀತೈತಿ. ಆ ದಿನ ನಮ್ಮ ಸೌಂಡಿನ ಹುಡುಗ ಮೊಬೈಲ್ ನೋಡಕೋತ ಕುಂತಿದ್ದ.

ರಾತ್ರಿ ಅಕ್ಕಾರನ್ನ ಕಾರಿನ್ಯಾಗ ಹುಬ್ಬಳ್ಳಿಗೆ ಬಿಡಾಕ ಹೋದಾಗ ನವಲೂರ ದಾಟೂತನಕ ಒಂದ ಮಾತ ಆಡಲಿಲ್ಲ. ಆಮ್ಯಾಲೆ, "ಗದಗಿನವ್ರು ಏನಂದ್ರು ಮಾಸ್ತರ?" ಅಂತ ಕೇಳಿದ್ರು. ಇದ್ದದ್ದ ಇದ್ದಂಗ ಹೇಳಿದೆ. ಸಿಟ್ಟಾಗಲಿಲ್ಲ. ಕಿಟಕಿ ಕಡೆ ಮಾರಿ ಮಾಡಿ ಆ ಅಂತರಾ ಸಾಲು ಸಣ್ಣಾಗಿ ಗುನುಗಿದ್ರು, ಗಾಂಧಾರ ಈ ಸಲ ಕೆಳಗ ಬೀಳಲಿಲ್ಲ. "ಮುಂದಿನ ಸಲ ಬಿಳಿ ಮೂರು ನೋಡೂಣೇನ್ರಿ?" ಅಂದ್ರು. ನನ್ನ ಪೇಟ್ಯಾಗ ಬಿಳಿ ಮೂರರ ರೀಡ್ ಸ್ವಲ್ಪ ಒಡದಂಗ ಮಾತಾಡತೈತಿ, ನಿನ್ನೆ ರಿಪೇರಿಗೆ ಕೊಟ್ಟ ಬಂದೀನಿ.